ಬಾಸ್ ಯಾರು, ಲೀಡರ್ ಯಾರು?

ಮೆಕ್ಸಿಕೊ ದೇಶದ ಒಂದು ಮನೆ. ತಾಯಿ ಒಳಗಿನಿಂದ ಮಗನನ್ನು ಕೂಗುತ್ತಾಳೆ. ಹೊರಗೆ ಆಡುತ್ತಿರುವ ಮಗ 'ಮಾಂದೆ?' ಎಂದು ಓಗೊಡುತ್ತಾನೆ. ಸ್ಪ್ಯಾನಿಷ್ ಭಾಷೆಯ ಈ ಮಾತಿಗೆ ಅಕ್ಷರಶಃ ಅರ್ಥ 'ಅಪ್ಪಣೆ ಮಾಡಿ' ಎಂದು. ಹಿರಿಯರು ಕರೆದಾಗ, ಅಥವಾ ಅವರು ಹೇಳಿದ್ದು ಸರಿಯಾಗಿ ಕೇಳಿಸದಿದ್ದಾಗ ಹೀಗೆ ಹೇಳಬೇಕೆಂದು ಅಲ್ಲಿನ ಬಹಳಷ್ಟು ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಇದು ದಾಸ್ಯದ ಕಾಲದ ಕುರುಹು, ಬಿಟ್ಟುಬಿಡಬೇಕು ಎಂದು ವಾದಿಸುವವರೂ ಅಲ್ಲಿದ್ದಾರೆ. ಬರಿಯ ವಿನಯದ ಮಾತು, ಇದ್ದರೇನು ಎನ್ನುವವರೂ ಇದ್ದಾರೆ.

ಇದೇ ಹುಡುಗ ಇಂಗ್ಲಿಷ್ ತರಗತಿಯಲ್ಲಿ ಮೇಷ್ಟ್ರು ಹೆಸರು ಹಿಡಿದು ಕರೆದಾಗ ಎದ್ದು ನಿಂತು 'ಕಮಾಂಡ್ ಮಿ' ಎಂದರೆ ಏನಾದೀತು? ತರಗತಿ ಗೊಳ್ಳೆಂದು ನಗುತ್ತದೆ. ಅವನು ಹೇಳಬೇಕಾದದ್ದು 'ಯೆಸ್, ಸರ್?' ಎಂದೋ 'ಪಾರ್ಡನ್?' ಎಂದೋ. ನಿಘಂಟನ್ನು ಮುಂದಿಟ್ಟುಕೊಂಡು ನೋಡಿದರೆ ಅವನ ಅನುವಾದದಲ್ಲಿ ತಪ್ಪಿಲ್ಲ. ತಪ್ಪಿರುವುದು ತೂಕದಲ್ಲಿ. ಒಂದು ಭಾಷೆಯಲ್ಲಿ ಹಗುರವಾದ ಮಾತು ಇನ್ನೊಂದರಲ್ಲಿ ಮಣಭಾರವಾಗುತ್ತದೆ.

ಅಧಿಕಾರ, ನಾಯಕತ್ವ, ಯಜಮಾನಿಕೆಗೆ ಸಂಬಂಧಿಸಿದ ಇಂಗ್ಲಿಷ್ ಪದಗಳಲ್ಲಿ ಸ್ಪ್ಯಾನಿಷ್ ಮಾತೃಭಾಷೆಯ ವಿದ್ಯಾರ್ಥಿಗಳು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಈ ವಾರ ನೋಡೋಣ. ಅವರ ಕಷ್ಟ ನಮಗೇಕೆ ಎಂದು ಕೇಳಬೇಡಿ. ಮುಂದೆ ಹೋಗುವವನು ಎಡವಿದ ಕಲ್ಲನ್ನು ನೋಡಿ ಹಿಂದೆ ಬರುವವನು ಎಚ್ಚರವಾಗುತ್ತಾನೆ. ಅಲ್ಲದೆ, ಈ ಪದಗಳಲ್ಲಿ ಒಂದು ಜೋಡಿ ನೇರವಾಗಿ ತಂದೆತಾಯಿಗಳಿಗೇ ಸಂಬಂಧಿಸಿದ್ದು. ಅದನ್ನು ಕೊನೆಗೆ ಹೇಳುತ್ತೇನೆ.

ನೆಂಟರಂತೆ ಕಾಣುವ ಪದಗಳು

ಮೊದಲು ಅವರಿಗಿರುವ ಅನುಕೂಲ. ಸ್ಪ್ಯಾನಿಷ್ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆ. ಇಂಗ್ಲಿಷ್ ಹಾಗಲ್ಲ. ಆದರೆ 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದುಕೊಂಡ ಮೇಲೆ ಅಲ್ಲಿನ ಅರಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚ್ ನಡೆಯತೊಡಗಿತು. ಲ್ಯಾಟಿನ್ ಮೂಲದ ಫ್ರೆಂಚ್ ಪದಗಳು ಆಡಳಿತದ ಬಾಗಿಲಿನಿಂದಲೇ ಇಂಗ್ಲಿಷಿಗೆ ಬಂದವು. 'ಗವರ್ನಮೆಂಟ್', 'ಅಥಾರಿಟಿ', 'ಪವರ್', 'ಪ್ರಿನ್ಸ್' ಎಲ್ಲ ಹೀಗೆ ಬಂದವು. 'ಕಿಂಗ್', 'ಕ್ವೀನ್', 'ಲೀಡ್' ಮಾತ್ರ ಹಳೆಯ ಇಂಗ್ಲಿಷಿನವಾಗಿಯೇ ಉಳಿದವು.

ಆದ್ದರಿಂದ ಸ್ಪ್ಯಾನಿಷ್ ವಿದ್ಯಾರ್ಥಿಗೆ 'ಅಥಾರಿಟಿ' ಎಂದರೆ ತನ್ನ 'ಔತೊರಿದಾದ್', 'ಪ್ರೆಸಿಡೆಂಟ್' ಎಂದರೆ ತನ್ನ 'ಪ್ರೆಸಿದೆಂತೆ', 'ಕ್ಯಾಪ್ಟನ್' ಎಂದರೆ ತನ್ನ 'ಕಪಿತಾನ್'. ಕಲಿಯುವ ಮೊದಲೇ ಅರ್ಧ ಕಲಿತಂತೆ. ಆದರೆ ಅಪಾಯವಿರುವುದೂ ಇಲ್ಲೇ. ಹಿಂದಿ ಪುಸ್ತಕದಲ್ಲಿ 'ಶಿಕ್ಷಾ' ಎಂಬ ಪದ ಕಂಡ ಕನ್ನಡದ ಹುಡುಗ ಅದನ್ನು ದಂಡನೆ ಎಂದುಕೊಂಡು ಹೆದರುವುದಿಲ್ಲವೆ? ಅಲ್ಲಿ ಅದು ವಿದ್ಯಾಭ್ಯಾಸ! ಮುಖ ಒಂದೇ, ಮನೆತನ ಬೇರೆ.

'ಕಂಡಕ್ಟರ್' ಪದವನ್ನೇ ನೋಡಿ. 'ಒಟ್ಟಿಗೆ ನಡೆಸಿಕೊಂಡು ಹೋಗುವುದು' ಎಂಬುದು ಇದರ ಲ್ಯಾಟಿನ್ ಮೂಲದ ಅರ್ಥ. ಇಂಗ್ಲಿಷಿನಲ್ಲಿ ಈತ ವಾದ್ಯವೃಂದದ ಮುಂದೆ ನಿಂತು ಕೋಲು ಆಡಿಸುವವನು, ಅಥವಾ ಬಸ್ಸಿನಲ್ಲಿ ಟಿಕೆಟ್ ಕೊಡುವವನು. ಸ್ಪ್ಯಾನಿಷಿನ 'ಕೊಂದುಕ್ತೋರ್' ಸ್ಟಿಯರಿಂಗ್ ಹಿಡಿದು ಕುಳಿತವನು, ಅಂದರೆ ಡ್ರೈವರ್! ಹಾಗಾದರೆ ವಾದ್ಯವೃಂದ ನಡೆಸುವವನಿಗೆ ಅವರು ಏನೆನ್ನುತ್ತಾರೆ? 'ದಿರೆಕ್ತೋರ್'. ಶಾಲೆಯ ಹೆಡ್‌ಮಾಸ್ಟರ್, ಪತ್ರಿಕೆಯ ಸಂಪಾದಕ, ಸಿನಿಮಾ ನಿರ್ದೇಶಕ ಎಲ್ಲರೂ 'ದಿರೆಕ್ತೋರ್'ಗಳೇ. ಆದ್ದರಿಂದ ಸ್ಪೇನಿನ ಬಾಲಕಿ 'ಮೈ ಸ್ಕೂಲ್ ಡೈರೆಕ್ಟರ್' ಎಂದು ಬರೆದರೆ ಅವಳು ಹೇಳುತ್ತಿರುವುದು ಹೆಡ್‌ಮಾಸ್ಟರ ವಿಷಯ.

ಎಲ್ಲರೂ 'ಹೆಫೆ'ಗಳೇ

ಸ್ಪ್ಯಾನಿಷಿನಲ್ಲಿ 'ಹೆಫೆ' ಎಂಬ ಪದವಿದೆ. ರಾಷ್ಟ್ರದ ಮುಖ್ಯಸ್ಥ ಹೆಫೆ. ಪೊಲೀಸ್ ಮುಖ್ಯಾಧಿಕಾರಿ ಹೆಫೆ. ರೈಲು ನಿಲ್ದಾಣದ ಅಧಿಕಾರಿ ಹೆಫೆ. ಕಚೇರಿಯಲ್ಲಿ ಕೆಲಸ ಹೇಳುವವನೂ ಹೆಫೆ. ಇಂಗ್ಲಿಷಿಗೆ ಬಂದರೆ ಒಬ್ಬೊಬ್ಬರಿಗೆ ಒಂದೊಂದು ಪಟ್ಟ: 'ಹೆಡ್ ಆಫ್ ಸ್ಟೇಟ್', 'ಚೀಫ್ ಆಫ್ ಪೊಲೀಸ್', 'ಸ್ಟೇಷನ್ ಮಾಸ್ಟರ್', 'ಬಾಸ್'. ಯಾವುದನ್ನು ಎಲ್ಲಿ ಹಾಕಬೇಕೆಂಬುದಕ್ಕೆ ವ್ಯಾಕರಣದ ಸೂತ್ರವಿಲ್ಲ. ಓದಿ, ಕೇಳಿ ರೂಢಿಯಾಗಬೇಕು. ಕಚೇರಿಯ ಮೇಲಧಿಕಾರಿಯನ್ನು 'ಮೈ ಚೀಫ್' ಎಂದರೆ ಕೇಳಿದವರಿಗೆ ಬುಡಕಟ್ಟಿನ ನಾಯಕ ನೆನಪಾಗಬಹುದು. 'ಮೈ ಬಾಸ್' ಎನ್ನಬೇಕು. ಆದರೆ ಅದು ಸಲಿಗೆಯ ಮಾತು, ಅರ್ಜಿಯಲ್ಲಿ ಬರೆಯುವಂತಿಲ್ಲ. ಅಲ್ಲಿ 'ಮ್ಯಾನೇಜರ್' ಎಂದೋ 'ಹೆಡ್ ಆಫ್ ದ ಡಿಪಾರ್ಟ್‌ಮೆಂಟ್' ಎಂದೋ ಇರಬೇಕು. 'ಬಾಸ್'ಗೆ ಒಂದು ಅಕ್ಷರ ಸೇರಿಸಿ 'ಬಾಸಿ' ಮಾಡಿದಿರೋ, ಅದು ಬೈಗುಳಕ್ಕೆ ಹತ್ತಿರ: ಸುಮ್ಮಸುಮ್ಮನೆ ಎಲ್ಲರ ಮೇಲೂ ದರ್ಬಾರು ಮಾಡುವವರು ಎಂದರ್ಥ.

ಇನ್ನೊಂದು ಸ್ವಾರಸ್ಯ. ಮೆಕ್ಸಿಕೊದ ಹುಡುಗರು ಸಲಿಗೆಯ ಮಾತಿನಲ್ಲಿ ಅಪ್ಪನನ್ನು 'ನಮ್ಮ ಹೆಫೆ', ಅಮ್ಮನನ್ನು 'ನಮ್ಮ ಹೆಫಾ' ಎನ್ನುವುದುಂಟು. 'ಐ ಲಿವ್ ವಿತ್ ಮೈ ಬಾಸ್' ಎಂದು ಆ ಹುಡುಗ ಇಂಗ್ಲಿಷಿನಲ್ಲಿ ಹೇಳಿದರೆ ಕೇಳಿದವರು ಏನೆಂದುಕೊಂಡಾರು? ನಾವೇನೂ ನಗಬೇಕಾಗಿಲ್ಲ. 'ನಮ್ಮ ಯಜಮಾನರು ಊರಲ್ಲಿಲ್ಲ' ಎಂಬ ನಮ್ಮ ಗೃಹಿಣಿಯ ಮಾತನ್ನು ಯಾರಾದರೂ 'ಮೈ ಮಾಸ್ಟರ್' ಎಂದು ಅನುವಾದಿಸಿದರೆ ಗತಿ ಅದೇ. ನಮ್ಮಲ್ಲಿ ಗಂಡನೂ ಯಜಮಾನ, ಅಂಗಡಿಯ ಮಾಲೀಕನೂ ಯಜಮಾನ, ಊರಿನ ಹಿರಿಯನೂ ಯಜಮಾನ.

'ಲೀಡರ್' ಏಕೆ ಬೇಕಾಯಿತು?

'ಹೆಫೆ', 'ಚೀಫ್', 'ಕ್ಯಾಪ್ಟನ್' ಮೂರರ ಮೂಲವೂ ಲ್ಯಾಟಿನ್ನಿನ ಒಂದೇ ಪದ. ಅದರ ಅರ್ಥ 'ತಲೆ'. ಸ್ಪ್ಯಾನಿಷಿನ 'ಕೌದಿಯೊ' ಕೂಡ ಅದೇ ಬೇರಿನದು, ಮೂಲದಲ್ಲಿ 'ಪುಟ್ಟ ತಲೆ'. ಜನರನ್ನು, ಸೈನ್ಯವನ್ನು ಮುನ್ನಡೆಸುವವನು ಎಂಬ ಒಳ್ಳೆಯ ಅರ್ಥವೇ ಅದಕ್ಕಿತ್ತು. ಆದರೆ 19ನೇ ಶತಮಾನದಲ್ಲಿ ದಕ್ಷಿಣ ಅಮೆರಿಕದ ದೇಶಗಳಲ್ಲಿ ಸೈನ್ಯ ಕಟ್ಟಿಕೊಂಡು ಅಧಿಕಾರ ಹಿಡಿದ ಬಲಶಾಲಿಗಳಿಗೆ ಈ ಹೆಸರು ಅಂಟಿಕೊಂಡಿತು. ಸ್ಪೇನಿನಲ್ಲಿ ಜನರಲ್ ಫ್ರಾಂಕೊ ಇದನ್ನೇ ಬಿರುದು ಮಾಡಿಕೊಂಡ. ನಾಣ್ಯಗಳ ಮೇಲೂ ಹಾಕಿಸಿದ. ಅಂತರ್ಯುದ್ಧ ಮುಗಿದ 1939ರಿಂದ, 1975ರಲ್ಲಿ ತಾನು ಸಾಯುವವರೆಗೆ ಆತ ಇಡೀ ದೇಶವನ್ನು ಏಕಾಧಿಪತಿಯಾಗಿ ಆಳಿದ. ಇಂದು ಯಾರನ್ನಾದರೂ 'ಕೌದಿಯೊ' ಎಂದರೆ ಹೊಗಳಿಕೆಯಾಗಿ ಕೇಳಿಸುವುದು ಕಷ್ಟ. ನಮ್ಮ 'ಪುಢಾರಿ'ಗೆ ಇಂಥದೇ ಗತಿಯಾಯಿತು. ಮುಂದಾಳು ಎಂಬ ಅರ್ಥದ ಮರಾಠಿ ಪದ ಕನ್ನಡದಲ್ಲಿ ವ್ಯಂಗ್ಯವಾಗಿ ಉಳಿದಿದೆ.

ಹಾಗಾದರೆ, ಹುದ್ದೆಯೇನೂ ಇಲ್ಲದೆ, ಬಲಪ್ರಯೋಗವೂ ಇಲ್ಲದೆ, ಜನ ತಾವಾಗಿ ಹಿಂದೆ ಬರುವಂಥ ವ್ಯಕ್ತಿಗೆ ಏನೆನ್ನುವುದು? ಸ್ಪ್ಯಾನಿಷ್ ಇಂಗ್ಲಿಷಿನಿಂದಲೇ 'ಲೀಡರ್' ಅನ್ನು ಕಡ ತಂದು 'ಲೀದೆರ್' ಮಾಡಿಕೊಂಡಿತು. ಅದಕ್ಕೆ ತನ್ನದೇ ಬಾಲ ಸೇರಿಸಿ, ನಾಯಕತ್ವಕ್ಕೆ 'ಲಿದೆರಾಸ್ಗೊ' ಎಂಬ ಪದವನ್ನೂ ಕಟ್ಟಿತು. 'ಲೀಡ್' ಎಂದರೆ ಮುಂದೆ ನಡೆದು ದಾರಿ ತೋರಿಸುವುದು. ಸಂಸ್ಕೃತದಿಂದ ನಮಗೆ ಬಂದ 'ನಾಯಕ'ದ ಧಾತುವಿಗೂ ಕರೆದೊಯ್ಯುವುದು ಎಂಬುದೇ ಅರ್ಥ. ಹೀಗಾಗಿ ಬಾಸ್ ನೇಮಕವಾಗುತ್ತಾನೆ, ಲೀಡರ್ ಆಗುವುದು ಹಿಂದೆ ಬರುವವರಿಂದ. ತರಗತಿಯ ಮಾನಿಟರ್ ಪಟ್ಟವನ್ನು ಮೇಷ್ಟ್ರು ಕೊಡಬಹುದು. ಹುಡುಗರು ನಿಜವಾಗಿ ಯಾರ ಮಾತು ಕೇಳುತ್ತಾರೆ ಎಂಬುದು ಬೇರೆ ವಿಷಯ.

ಕೊಡು, ಕೊಡಿ ಮತ್ತು ಗಿವ್

ಅಧಿಕಾರ ದೊಡ್ಡ ಪದಗಳಲ್ಲಿ ಮಾತ್ರ ಇರುವುದಿಲ್ಲ. 'ನನಗೆ ಕೊಡು' ಎನ್ನಲು ಸ್ಪ್ಯಾನಿಷಿನಲ್ಲಿ 'ದಾಮೆ' ಎಂದಿದೆ. 'ನನಗೆ ಕೊಡಿ' ಎನ್ನಲು 'ದೇಮೆ'. ನಮ್ಮ ಹಾಗೆಯೇ ಗೌರವ ಕ್ರಿಯಾಪದದೊಳಗೇ ಕುಳಿತಿದೆ. ಇಂಗ್ಲಿಷಿನ 'ಗಿವ್' ಪದದಲ್ಲಿ ಆ ಭೇದವಿಲ್ಲ. ಹೋಟೆಲಿನಲ್ಲಿ ಕುಳಿತ ಸ್ಪೇನಿನವನು ತನ್ನ ಭಾಷೆಯಲ್ಲಿ ಮರ್ಯಾದೆಯಿಂದ ಹೇಳುವ ಮಾತನ್ನೇ 'ಗಿವ್ ಮಿ ಎ ಕಾಫಿ' ಎಂದು ಇಂಗ್ಲಿಷಿಗೆ ತಂದರೆ, ಲಂಡನ್ನಿನ ಮಾಣಿಗೆ ಅದು ಗದರಿಕೆಯಾಗಿ ಕೇಳುತ್ತದೆ. ಆದ್ದರಿಂದಲೇ ಇಂಗ್ಲಿಷ್ 'ಕುಡ್ ಐ ಹ್ಯಾವ್...', 'ವುಡ್ ಯು ಮೈಂಡ್...' ಎಂದು ಬಳಸಿಕೊಂಡು ಹೋಗುತ್ತದೆ.

'ಮಸ್ಟ್' ಪದದ ಕಥೆಯೂ ಇದೇ. ಸ್ಪ್ಯಾನಿಷಿನ 'ದೆಬೇರ್' ಕ್ರಿಯಾಪದ ರೂಪ ಬದಲಿಸಿ 'ಮಸ್ಟ್', 'ಷುಡ್' ಎರಡರ ಕೆಲಸವನ್ನೂ ಮಾಡುತ್ತದೆ. ನಮ್ಮ 'ಬೇಕು' ಇನ್ನೂ ಹೆಚ್ಚು ದುಡಿಯುತ್ತದೆ. 'ಸರ್, ಈ ಅರ್ಜಿಗೆ ಸಹಿ ಹಾಕಬೇಕು' ಎಂಬುದು ನಮ್ಮಲ್ಲಿ ವಿನಂತಿ. 'ಸರ್, ಯು ಮಸ್ಟ್ ಸೈನ್ ದಿಸ್' ಎಂದರೆ ಅದು ಆಜ್ಞೆ! 'ಮಸ್ಟ್' ಅಪ್ಪಣೆ, 'ಷುಡ್' ಸಲಹೆ, 'ಕುಡ್ ಯು' ವಿನಂತಿ ಎಂದು ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಉಪಯೋಗ.

ಇನ್ನೊಂದು ಎಚ್ಚರ. ಉಸ್ತುವಾರಿ ಹೊತ್ತವನಿಗೆ ಸ್ಪ್ಯಾನಿಷಿನಲ್ಲಿ 'ರೆಸ್ಪೊನ್ಸಾಬ್ಲೆ' ಎನ್ನುತ್ತಾರೆ. ಅದೇ ಗುಂಗಿನಲ್ಲಿ ಅಂಗಡಿಗೆ ಹೋಗಿ 'ಹೂ ಈಸ್ ರೆಸ್ಪಾನ್ಸಿಬಲ್ ಹಿಯರ್?' ಎಂದರೆ, 'ಈ ತಪ್ಪು ಯಾರದು?' ಎಂದು ಜಗಳ ತೆಗೆದಂತೆ ಕೇಳಿಸೀತು. ಕೇಳಬೇಕಾದದ್ದು 'ಹೂ ಈಸ್ ಇನ್ ಚಾರ್ಜ್?'

ಅಪ್ಪ ಅಮ್ಮಂದಿರಿಗಾಗಿ ಒಂದು ಜೋಡಿ

ಈಗ ಮೊದಲೇ ಹೇಳಿದ ಜೋಡಿಗೆ ಬರೋಣ: 'ಅಥಾರಿಟೇರಿಯನ್' ಮತ್ತು 'ಅಥಾರಿಟೇಟಿವ್'. ನೋಡಲು ಅವಳಿಗಳು. ಮೊದಲನೆಯದು ದಬ್ಬಾಳಿಕೆಯದು: 'ನಾನು ಹೇಳಿದ್ದೇನೆ, ಆದ್ದರಿಂದ ಮಾಡು.' ಎರಡನೆಯದು ವಿಷಯ ಬಲ್ಲವನ ಮಾತಿಗೆ ತಾನಾಗಿ ಬರುವ ಬೆಲೆ. ನಾವು 'ಅಧಿಕಾರವಾಣಿಯಿಂದ ಹೇಳಬಲ್ಲರು' ಎನ್ನುತ್ತೇವಲ್ಲ, ಅದು.

ಸ್ಪ್ಯಾನಿಷಿನಲ್ಲಿ ಮೊದಲನೆಯದಕ್ಕೆ 'ಔತೊರಿತಾರಿಯೊ' ಎಂಬ ಪದ ಸಿದ್ಧವಾಗಿದೆ. ಎರಡನೆಯದಕ್ಕೆ ಎಲ್ಲ ಕಡೆಯೂ ಸಲ್ಲುವ ಒಂದೇ ಪದ ಇಲ್ಲ. ಇದರಿಂದ ಏನಾಗುತ್ತದೆ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1966ರ ತಮ್ಮ ಲೇಖನದಲ್ಲಿ ಮಕ್ಕಳನ್ನು ಬೆಳೆಸುವ ಮೂರು ರೀತಿಗಳನ್ನು ವಿವರಿಸಿದರು. ಮಗು ಪ್ರಶ್ನಿಸದೆ ವಿಧೇಯವಾಗಿರಬೇಕು ಎನ್ನುವುದು 'ಅಥಾರಿಟೇರಿಯನ್'. ಏನು ಮಾಡಿದರೂ ಸರಿ ಎಂದು ಬಿಡುವುದು 'ಪರ್ಮಿಸಿವ್'. ನಿಯಮವನ್ನು ಸಡಿಲ ಬಿಡದೆ, ಆದರೆ ಅದರ ಕಾರಣವನ್ನು ಮಗುವಿಗೆ ತಿಳಿಸಿ, ಅದರ ಮಾತನ್ನೂ ಕೇಳಿಸಿಕೊಂಡು ನಡೆಸುವುದು 'ಅಥಾರಿಟೇಟಿವ್'. ಅವರು ಒಲವು ತೋರಿದ್ದು ಈ ಮೂರನೆಯದಕ್ಕೆ. ಎಲ್ಲ ಸಮಾಜಗಳಿಗೂ ಇದೇ ಅಳತೆ ಹೊಂದುತ್ತದೆಯೆ ಎಂಬ ಚರ್ಚೆ ನಂತರ ನಡೆದಿದೆ, ಅದು ಬೇರೆ ಮಾತು.

ಈಗ ಸ್ಪ್ಯಾನಿಷ್ ಮಾತಾಡುವ ತಂದೆಯೊಬ್ಬ ಇಂಗ್ಲಿಷ್ ಪುಸ್ತಕದಲ್ಲಿ 'ಅಥಾರಿಟೇಟಿವ್ ತಂದೆ ಒಳ್ಳೆಯವನು' ಎಂದು ಓದಿ, ಅದು ತನ್ನ 'ಔತೊರಿತಾರಿಯೊ' ಎಂದೇ ತಿಳಿದರೆ? ಪುಸ್ತಕ ಯಾವುದನ್ನು ಬೇಡ ಎಂದಿತೋ ಅದನ್ನೇ ಮನೆಯಲ್ಲಿ ಜಾರಿಗೆ ತಂದಾನು. ಎರಡಕ್ಷರದ ಗೊಂದಲಕ್ಕೆ ದಂಡ ತೆರುವುದು ಮಗು. ಈ ಗೊಂದಲ ಬೇಡವೆಂದೇ ಅನೇಕ ಸ್ಪ್ಯಾನಿಷ್ ಲೇಖಕರು ಈ ಅರ್ಥದಲ್ಲಿ 'ಪ್ರಜಾಸತ್ತಾತ್ಮಕ' ಎಂಬರ್ಥದ 'ದೆಮೊಕ್ರಾತಿಕೊ' ಪದವನ್ನು ಬಳಸುತ್ತಾರೆ.

ನಮ್ಮಲ್ಲೂ 'ಸರ್ವಾಧಿಕಾರಿ' ಮತ್ತು 'ಅಧಿಕಾರವಾಣಿ' ಎರಡರೊಳಗೂ ಇರುವುದು ಒಂದೇ 'ಅಧಿಕಾರ'. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈ ವಾರದ ಅಭ್ಯಾಸ. ವಿದ್ಯಾರ್ಥಿಗಳೇ, ಒಂದು ದಿನ ಮನೆಯಲ್ಲಿ ನಿಮಗೆ ಯಾರು ಯಾರು ಏನೇನು ಹೇಳಿದರು ಎಂಬುದನ್ನು ಹಾಗೆಯೇ ಬರೆದಿಡಿ. 'ಏಳು', 'ಓದಿಕೋ', 'ಟಿವಿ ಆರಿಸು', 'ಅಂಗಡಿಗೆ ಹೋಗಿ ಬಾರಪ್ಪ' ಎಲ್ಲವನ್ನೂ. ಸಂಜೆ ಅಪ್ಪ ಅಮ್ಮನ ಜೊತೆ ಕುಳಿತು ಅವನ್ನು ಇಂಗ್ಲಿಷಿಗೆ ತನ್ನಿ. ಯಾವುದಕ್ಕೆ 'ಮಸ್ಟ್' ಬೇಕು, ಯಾವುದಕ್ಕೆ 'ಷುಡ್' ಸಾಕು, ಯಾವುದಕ್ಕೆ 'ಕುಡ್ ಯು' ಒಪ್ಪುತ್ತದೆ ಎಂದು ಚರ್ಚಿಸಿ. 'ಏಕೆ?' ಎಂಬ ಪ್ರಶ್ನೆಗೆ ಕಾರಣ ಹೇಳಿದ ಅಪ್ಪಣೆಗಳು ಎಷ್ಟು, ಹೇಳದೆ ಬಿಟ್ಟವು ಎಷ್ಟು ಎಂದೂ ಎಣಿಸಿ. ಇಂಗ್ಲಿಷ್ ಮಕ್ಕಳಿಗೆ ಬರುತ್ತದೆ. ಪಟ್ಟಿ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬಂದೀತು.