ಇನ್ಸ್‌ಪೆಕ್ಟರ್ ಇಸ್ಮಾಯಿಲ್

“ಮಿಸ್, ಪತ್ತೇದಾರಿ ಕಥೆಗಳಲ್ಲಿ ನಮ್ಮ ಹೆಸರಿನವರು ಯಾವಾಗಲೂ ಕಳ್ಳರ ಕಡೆಯೇ ಯಾಕಿರ್ತಾರೆ?”

ವಿಜಯನಗರದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಒಂಬತ್ತನೇ ತರಗತಿಯ ಹುಡುಗಿ ಹೀಗೆ ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ನನಗೂ ಈ ಕಥೆಗಳ ಹುಚ್ಚು ಹಳೆಯದು. ಮದ್ರಸದಲ್ಲಿ ಉರ್ದು, ಅರಬಿ ಕಲಿತವಳಿಗೆ ಕನ್ನಡದ ರುಚಿ ಹತ್ತಿಸಿದ್ದು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಎನ್. ನರಸಿಂಹಯ್ಯನವರ ಕಾದಂಬರಿಗಳು. ಅಬ್ಬಾ ನೋಡದಂತೆ ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದೆ. ಬಿ.ಎ.ಯಲ್ಲಿ ಕನ್ನಡ ಪಾಸಾದದ್ದರಲ್ಲಿ ಪತ್ತೇದಾರ ಪುರುಷೋತ್ತಮನಿಗೂ ಒಂದು ಪಾಲು ಸಲ್ಲಬೇಕು.

ಹುಡುಗಿಯ ಪ್ರಶ್ನೆ ಕೇಳಿದಾಗ ಮೊದಲು ನೆನಪಾದದ್ದು ರಷ್ಯಾದ ಬೋರಿಸ್ ಅಕುನಿನ್. ಝಾರ್ ದೊರೆಗಳ ಕಾಲದ ಪತ್ತೇದಾರ ಫಾಂಡೋರಿನ್‌ನ ಕಥೆಗಳನ್ನು 1998ರಿಂದ ಬರೆದವರು. ಅವುಗಳಲ್ಲೊಂದು ‘ಟರ್ಕಿಶ್ ಗ್ಯಾಂಬಿಟ್’. 1877ರ ರಷ್ಯಾ-ತುರ್ಕಿ ಯುದ್ಧ, ಉಸ್ಮಾನ್ ಪಾಷಾ ತಿಂಗಳುಗಟ್ಟಲೆ ಕಾದ ಪ್ಲೆವ್ನಾ ಪಟ್ಟಣ. ರಷ್ಯನ್ ಶಿಬಿರದೊಳಗೇ ಅಡಗಿದ ತುರ್ಕಿ ಗೂಢಚಾರ ಅನ್ವರ್ ಎಫೆಂದಿ. ನೋಡಿ, ಇಲ್ಲೂ ಹಾಗೇ! ಆದರೆ ಅನ್ಯಾಯವಾಗಿ ಮಾತಾಡಬಾರದು, ಅನ್ವರ್‌ನನ್ನು ಲೇಖಕರು ಬರೀ ದುಷ್ಟನಾಗಿ ಚಿತ್ರಿಸಿಲ್ಲ. ಅವನಿಗೂ ಬುದ್ಧಿ ಕೊಟ್ಟಿದ್ದಾರೆ, ತನ್ನ ಪಕ್ಷವನ್ನು ವಾದಿಸಲು ಮಾತು ಕೊಟ್ಟಿದ್ದಾರೆ. ‘ಅಕುನಿನ್’ ಎಂಬ ಕಾವ್ಯನಾಮಕ್ಕೆ ಜಪಾನಿ ಭಾಷೆಯಲ್ಲಿ ಕೆಟ್ಟವನು ಎಂದೇ ಅರ್ಥ. ಉಕ್ರೇನ್ ಯುದ್ಧವನ್ನು ವಿರೋಧಿಸಿದ ಈ ಲೇಖಕರನ್ನೇ 2023ರ ಡಿಸೆಂಬರ್‌ನಲ್ಲಿ ರಷ್ಯಾ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು.

ಹುಡುಗಿಗೆ ಕೊಡಲು ಪುಸ್ತಕ ಸಿಕ್ಕಿದ್ದು ನಮ್ಮ ಊರಿನದೇ. 2022ರಲ್ಲಿ ಬಂದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಎಂಬ ಇಂಗ್ಲಿಷ್ ಕಾದಂಬರಿ. ಬರೆದವರು ಬೆಂಗಳೂರಿನ ಕೆರೆ, ಮರಗಳ ಅಧ್ಯಯನ ಮಾಡುವ ವಿಜ್ಞಾನಿ ಹರಿಣಿ ನಾಗೇಂದ್ರ. ಕಾಲ 1921. ಆಗ ದಂಡು ಬ್ರಿಟಿಷರ ಕೈಯಲ್ಲಿ, ಪೇಟೆ ಮೈಸೂರು ಮಹಾರಾಜರ ಕೈಯಲ್ಲಿ. ನಮ್ಮ ವಿಜಯನಗರ, ರಾಜಾಜಿನಗರ ಇನ್ನೂ ಹುಟ್ಟಿರಲಿಲ್ಲ. ಹತ್ತೊಂಬತ್ತರ ಕಾವೇರಿ, ಬೌರಿಂಗ್ ಆಸ್ಪತ್ರೆಯ ಡಾಕ್ಟರ್ ರಾಮುವಿನ ಹೆಂಡತಿ. ಗಣಿತವೆಂದರೆ ಪ್ರಾಣ, ಆದರೆ ಸೊಸೆ ಓದುವುದು ಅತ್ತೆಗೆ ಹಿಡಿಸದು. ಹಾಸಿಗೆಯ ಕೆಳಗಿನ ನನ್ನ ಪುಸ್ತಕಗಳು ನೆನಪಾದವು! ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಒಂದು ಕೊಲೆ. ಪಕ್ಕದ ಮನೆಯ ಉಮಾ ಆಂಟಿಯನ್ನು ಜೊತೆಮಾಡಿಕೊಂಡು ಕಾವೇರಿ ತನಿಖೆಗೆ ಇಳಿಯುತ್ತಾಳೆ. ಆ ಪ್ರಕರಣದ ಪೊಲೀಸ್ ಅಧಿಕಾರಿ, ಇನ್ಸ್‌ಪೆಕ್ಟರ್ ಇಸ್ಮಾಯಿಲ್! ಸಭ್ಯ, ನೇರ ಮನುಷ್ಯ. ಹೆಣ್ಣು ಹೇಳಿದ್ದೆಂದು ಕಾವೇರಿಯ ಮಾತನ್ನು ತಳ್ಳಿಹಾಕುವವನಲ್ಲ.

ಇದನ್ನು ಲೇಖಕಿಯ ಔದಾರ್ಯವೆಂದು ತಿಳಿಯಬೇಕಿಲ್ಲ. ಕಥೆಯ ಕಾಲ ಕಳೆದು ಐದೇ ವರ್ಷಕ್ಕೆ, 1926ರಲ್ಲಿ, ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾದರು, 1941ರವರೆಗೂ ಇದ್ದರು. ಆ ಬೆಂಗಳೂರಿನ ಕಥೆ ಹೇಳುವಾಗ ಇಂಥ ಹೆಸರಿನ ಅಧಿಕಾರಿ ಎದುರಾಗದಿದ್ದರೇ ಅದು ಆಶ್ಚರ್ಯ.

ಪತ್ತೇದಾರಿಕೆ ಅಷ್ಟೇನೂ ಬಿಗಿಯಾಗಿಲ್ಲ, ಪುರುಷೋತ್ತಮನ ವೇಗವಂತೂ ಇಲ್ಲವೇ ಇಲ್ಲ. ತಾಯಂದಿರಿಗೆ ಇನ್ನೊಂದು ಮಾತು: ಕೊಲೆಯಾದವನು ಹೆಣ್ಣುಗಳನ್ನು ಮಾರಿ ಬದುಕುವವನು. ಇದನ್ನು ಹುಡುಗಿಗೆ ಕೊಡಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆಮೇಲೆ ಅವಳ ಅಮ್ಮಿಗೆ ವಿಷಯ ತಿಳಿಸಿಯೇ ಕೊಟ್ಟೆ.

ಹತ್ತು ದಿನಕ್ಕೆ ಪುಸ್ತಕ ವಾಪಸು ಬಂತು, ಹಾಳೆಯ ಮೂಲೆಗಳೆಲ್ಲ ಮಡಚಿಕೊಂಡು.

“ಇಸ್ಮಾಯಿಲ್ ಸಾಹೇಬರೇ ಹೀರೋ ಆಗಿರೋ ಪುಸ್ತಕ ಇಲ್ವಾ ಮಿಸ್?”

“ನನಗೆ ಗೊತ್ತಿದ್ದಂತೆ ಇಲ್ಲಮ್ಮ. ಕಾವೇರಿಯದೇ ಎರಡನೆಯದು ಇದೆ” ಎಂದೆ.

ಅದೇ ಆಗಲಿ ಎಂದಳು. ಈ ಭಾನುವಾರ ಅವೆನ್ಯೂ ರಸ್ತೆಯಲ್ಲಿ ಹುಡುಕಬೇಕು.