ಯಾರೂ ಮುಳುಗಲಿಲ್ಲವಲ್ಲ, ಸನ್ಮಾನ ಯಾಕೆ?

ಹೋದ ರಾಜ್ಯೋತ್ಸವದ ದಿನ ನಮ್ಮ ಹಾರೋಹಳ್ಳಿಯಲ್ಲಿ ಒಂದು ಕಾರ್ಯಕ್ರಮ. ಬಾವುಟ, ಆರ್ಕೆಸ್ಟ್ರಾ, ಮಕ್ಕಳ ಡ್ಯಾನ್ಸು ಎಲ್ಲಾ ಇತ್ತು. ಆಮೇಲೆ ಸನ್ಮಾನ. ಒಟ್ಟು ಇಪ್ಪತ್ತಮೂರು ಜನಕ್ಕೆ! ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಶಾಮಿಯಾನ ಕೊಡಿಸಿದವರಿಗೆ, ಮೈಕ್ ಸೆಟ್ಟಿಗೆ ದುಡ್ಡು ಕೊಟ್ಟವರಿಗೆ, ಊಟದ ಅಕ್ಕಿ ಕೊಟ್ಟವರಿಗೆ, ಮುಂದಿನ ಚುನಾವಣೆಗೆ ನಿಲ್ಲೋರಿಗೆ, ಹಿಂದಿನ ಚುನಾವಣೆಯಲ್ಲಿ ಸೋತೋರಿಗೆ... ಕೊನೆಗೆ 'ಸಮಾಜ ಸೇವಕರು' ಅನ್ನೋ ಒಂದೇ ವಿವರಣೆಯಲ್ಲಿ ಐದು ಜನಕ್ಕೆ. ಆ ಪಟ್ಟಿಯನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದವನು ನಾನೇ. ದೇಣಿಗೆ ವಸೂಲಿಗೆ ಓಡಾಡಿದೆ ಅಂತ ನನಗೂ ಒಂದು ಶಾಲು ಬಿತ್ತು. ಹಾಗಾಗಿ ಇಲ್ಲಿ ಬರೆಯೋ ಬೈಗುಳದಲ್ಲಿ ನನ್ನ ಪಾಲೂ ಇದೆ, ಮೊದಲೇ ಹೇಳಿಬಿಡ್ತೀನಿ.

ಪಟ್ಟಿ ತಯಾರಾಗೋವಾಗ ನಾನು ಒಂದು ಹೆಸರು ಸೇರಿಸೋಣ ಅಂದಿದ್ದೆ. ಟ್ರ್ಯಾಕ್ಟರ್ ಓಡಿಸೋ ಒಬ್ಬ ಹುಡುಗ. ಹೆಸರು ಬೇಡ, ಅವನಿಗೆ ಇಷ್ಟ ಆಗಲ್ಲ. ಗಣೇಶನ ವಿಸರ್ಜನೆಯ ದಿನ ಸಂಜೆ ಆರು ಗಂಟೆಗೆ ಮನೆಯ ಕೊಟ್ಟಿಗೆಯಿಂದ ಹಗ್ಗ ತಂದು, ಒಂದು ತುದಿಯನ್ನ ಕೆರೆ ಏರಿ ಮೇಲಿನ ಮರಕ್ಕೆ ಬಿಗಿದು, ಇನ್ನೊಂದು ತುದಿಯನ್ನ ಸೊಂಟಕ್ಕೆ ಕಟ್ಟಿಕೊಂಡು ಹನ್ನೊಂದು ಗಂಟೆವರೆಗೆ ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ. ಪ್ರತಿ ಗುಂಪು ಬಂದಾಗಲೂ 'ಇಲ್ಲಿಂದ ಮುಂದುಕ್ ಬರ್ಬ್ಯಾಡಿ, ಆಳ ಐತೆ' ಅಂತ ಕೂಗ್ತಿದ್ದ. ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ: ಬೇಸಿಗೆಯಲ್ಲಿ ಕೆರೆ ಒಣಗಿದಾಗ ಮಣ್ಣು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರು ತುಂಬಿದ ಮೇಲೆ ಕಾಣಲ್ಲ. ಮೊಣಕಾಲುದ್ದ ನೀರಲ್ಲಿ ನಡೀತಾ ಇರ್ತೀರಿ, ಮುಂದಿನ ಹೆಜ್ಜೆಗೆ ನೆಲವೇ ಇರಲ್ಲ. ಕೆಳಗೆ ಹೂಳು, ಕೈಯಲ್ಲಿ ಮಣಭಾರದ ಮೂರ್ತಿ, ಸುತ್ತ ಕತ್ತಲೆ, ಮೇಲೆ ತಮಟೆ ಸದ್ದು. ಕೂಗಿದರೂ ಕೇಳಲ್ಲ.

ಸಭೆಯಲ್ಲಿ ಅವನ ಹೆಸರು ಹೇಳಿದಾಗ ಒಬ್ಬ ಹಿರಿಯರು ನಿಜವಾಗ್ಲೂ ಅರ್ಥ ಆಗದೆ ಕೇಳಿದರು:

'ಅವನೇನ್ ಮಾಡ್ದ? ಯಾರೂ ಮುಳುಗ್ಲೇ ಇಲ್ವಲ್ಲ!'

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಸರು ಬಿಟ್ಟುಹೋಯ್ತು. ಮನೆಗೆ ಬಂದು ಮಲಗಿದ ಮೇಲೆ ಆ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಯಾರೂ ಮುಳುಗಲಿಲ್ಲ ಅನ್ನೋದೇ ಅವನು ಮಾಡಿದ ಕೆಲಸ ಅಲ್ವಾ ಮಾರಾಯ್ರೇ?!

ನಮ್ಮ ಊರುಗಳ ಸನ್ಮಾನದ ಲೆಕ್ಕಾಚಾರವೇ ಹೀಗೆ. ಒಬ್ಬ ಸತ್ತು, ಇನ್ನೊಬ್ಬ ಧುಮುಕಿ ಮೂರನೆಯವನನ್ನ ಎಳ್ಕೊಂಡು ಬಂದ್ರೆ ಪೇಪರಲ್ಲಿ ಫೋಟೋ, ಊರ ತುಂಬ ಫ್ಲೆಕ್ಸು, 'ಆಪದ್ಬಾಂಧವ' ಅನ್ನೋ ಬಿರುದು. ಯಾರೂ ಸಾಯದ ಹಾಗೆ ಮೊದಲೇ ನೋಡಿಕೊಂಡವನಿಗೆ ವಂದನಾರ್ಪಣೆಯಲ್ಲಿ 'ಮತ್ತು ಎಲ್ಲಾ ಸ್ವಯಂಸೇವಕ ಮಿತ್ರರಿಗೂ' ಅನ್ನೋ ಅರ್ಧ ಸಾಲು. ಅಷ್ಟು ಹೊತ್ತಿಗೆ ಜನ ಊಟಕ್ಕೆ ಎದ್ದಿರ್ತಾರೆ.

ಇದು ಬರೀ ನಮ್ಮೂರಿನ ಕಥೆ ಅಲ್ಲ. 2025ರ ಜೂನ್ 4 ನೆನಪಿಸಿಕೊಳ್ಳಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತಕ್ಕೆ ಹನ್ನೊಂದು ಜನ ಹೋದರು. ಹೆಚ್ಚಿನವರು ಎಳೆಯ ವಯಸ್ಸಿನವರು. ಅದು ಯಾವ ಕಾರ್ಯಕ್ರಮ? ಸನ್ಮಾನ! ಕಪ್ ಗೆದ್ದ ಆರ್‌ಸಿಬಿಗೆ ಅಭಿನಂದನೆ. ಅದೇ ಸಂಜೆ ವಿಧಾನಸೌಧದ ಮೆಟ್ಟಿಲ ಮೇಲೂ ಒಂದು ಸನ್ಮಾನ. ಸುಮಾರು 35 ಸಾವಿರ ಜನ ಹಿಡಿಸೋ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಹೊರಗೆ ಜೀವ ಹೋಗಿತ್ತು, ಒಳಗೆ ಕಾರ್ಯಕ್ರಮ ನಡೀತಿತ್ತು. ಶಾಲು ಹೊದಿಸೋಕೆ ಇರೋ ಅವಸರದಲ್ಲಿ ಕಾಲುಭಾಗ ಗೇಟಿನ ಯೋಚನೆಗೆ ಇದ್ದಿದ್ದರೆ...

2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸೋಕೆ ಹೋದ ಮೂರು ಹುಡುಗರು ಕರೆಂಟ್ ತಗುಲಿ ತೀರಿಕೊಂಡರು. ನಮ್ಮೂರಲ್ಲೂ ಫ್ಲೆಕ್ಸ್ ಕಟ್ಟೋದು ರಾತ್ರಿ ಹನ್ನೊಂದರ ಮೇಲೇ. ಕಬ್ಬಿಣದ ಫ್ರೇಮು, ಮೇಲೆ ತಂತಿ, ಏಣಿ ಹಿಡಿಯೋಕೆ ಪಿಯುಸಿ ಹುಡುಗ. ಬೆಳಗ್ಗೆ ಆ ಫ್ಲೆಕ್ಸಿನಲ್ಲಿ ನಗ್ತಾ ಇರೋರು ಬೇರೆಯವರು. ತಂತಿ ಕೆಳಗೆ ಕಟ್ಟಬೇಡ್ರೋ ಅಂತ ಹೇಳಿದ ಲೈನ್‌ಮನ್‌ಗೆ ಯಾವ ಊರಲ್ಲಾದರೂ ಪೇಟ ತೊಡಿಸಿದ್ದಾರಾ? ಅವನನ್ನ 'ಹಬ್ಬಕ್ಕೆ ಅಡ್ಡಗಾಲು' ಅಂತೀವಿ.

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆ ಮೇಲೆ ಲಾರಿ ನುಗ್ಗಿತು. ಎಂಜಿನಿಯರಿಂಗ್ ಓದ್ತಿದ್ದ ಹುಡುಗರೂ ಅದರಲ್ಲಿ ಹೋದರು. ಆ ಸುದ್ದಿ ನೋಡಿದಾಗ ನನಗೆ ಕಣ್ಣಮುಂದೆ ಬಂದದ್ದು ನಮ್ಮ ಕನಕಪುರ ರಸ್ತೆ. ನಮ್ಮದು ಕೈಗಾರಿಕಾ ಪ್ರದೇಶ ಇರೋ ಊರು. ಮೊದಲು ಹೋಬಳಿ, ಈಗ ತಾಲ್ಲೂಕು ಕೇಂದ್ರ. ರಾಮನಗರ ಜಿಲ್ಲೆ ಹೋಗಿ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಆಯ್ತು. ಬೋರ್ಡು ಬದಲಾಯ್ತು, ಲಾರಿಗಳು ಬದಲಾಗಲಿಲ್ಲ :) ಫ್ಯಾಕ್ಟರಿ ಶಿಫ್ಟ್ ಬಿಡೋ ಹೊತ್ತು, ಸರಕಿನ ಲಾರಿ ಬರೋ ಹೊತ್ತು, ನಮ್ಮ ಮೆರವಣಿಗೆ ಹೊರಡೋ ಹೊತ್ತು ಮೂರೂ ಒಂದೇ. ರಸ್ತೆ ಮಧ್ಯ ಟ್ರ್ಯಾಕ್ಟರು, ಅದರ ಹಿಂದೆ ಸೌಂಡ್ ಬಾಕ್ಸು, ಅದರ ಹಿಂದೆ ಕಣ್ಣು ಮುಚ್ಚಿ ಕುಣಿಯೋ ಮಕ್ಕಳು. ಎಲ್ಲಕ್ಕಿಂತ ಹಿಂದೆ, ಲಾರಿ ಬರೋ ದಿಕ್ಕಿಗೆ ಮುಖ ಮಾಡಿ ಕೈಯಲ್ಲಿ ಟಾರ್ಚ್ ಹಿಡಿದು ನಿಲ್ಲಬೇಕಾದ ಒಬ್ಬ ಮನುಷ್ಯ? ಅಲ್ಲಿ ಯಾರೂ ಇರಲ್ಲ. ಯಾಕಂದ್ರೆ ಅಲ್ಲಿ ನಿಂತವನು ಯಾವ ವಿಡಿಯೋದಲ್ಲೂ ಬರಲ್ಲ.

ಇನ್ನೊಂದು ನಮ್ಮ ರಸ್ತೆಯದೇ. 2017ರ ಸೆಪ್ಟೆಂಬರಿನಲ್ಲಿ ರಾವುಗೋಡ್ಲು ಬೆಟ್ಟದ ಕಲ್ಯಾಣಿಯಲ್ಲಿ ಕಾಲೇಜು ಹುಡುಗರು ಈಜೋಕೆ ಇಳಿದಿದ್ದರು. ಸೆಲ್ಫಿ ತೆಗೆದುಕೊಂಡರು. ಆಮೇಲೆ ನೋಡಿದರೆ ಅದೇ ಫೋಟೋದಲ್ಲಿ, ನಗ್ತಿರೋ ಮುಖಗಳ ಹಿಂದೆ ಗೆಳೆಯನೊಬ್ಬ ಮುಳುಗ್ತಾ ಇದ್ದಾನೆ. ಆಗ ಇಡೀ ದೇಶ ಆ ಮಕ್ಕಳನ್ನ ಬೈತು. ನಾನು ಬೈಯಲ್ಲ. ಮುಳುಗೋದು ಸಿನಿಮಾದಲ್ಲಿ ತೋರಿಸೋ ಹಾಗೆ ಕೈಕಾಲು ಬಡಿದು ಕಿರುಚಿ ಆಗಲ್ಲ, ಬಹಳ ಸಲ ಸದ್ದೇ ಇಲ್ಲದೆ ಆಗತ್ತೆ. ಅದಕ್ಕೇ ಖುಷಿಯಲ್ಲಿ ಪಾಲು ತೆಗೆದುಕೊಳ್ಳದೆ ದಡದಲ್ಲಿ ನಿಂತು ಬರೀ ತಲೆ ಎಣಿಸೋನು ಒಬ್ಬ ಬೇಕು. ಹಬ್ಬದ ದಿನ ಹಬ್ಬ ಮಾಡದೇ ಇರೋದು ಅವನ ತ್ಯಾಗ. ಅಕ್ಕಿ ಮೂಟೆಗಿಂತ ಅದು ಸಣ್ಣದೇ?

ಸರ್ಕಾರದ ಕಥೆಯೂ ಸುಮಾರಾಗಿ ಇದೇ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡಾದ ಹರೀಶ್ ಎಂಬ ಯುವಕ, ಸಾಯೋ ಮುಂಚೆ ನನ್ನ ಅಂಗಾಂಗ ದಾನ ಮಾಡಿ ಅಂದದ್ದು ನೆನಪಿದೆಯಲ್ಲ? ಅವನ ಹೆಸರಲ್ಲಿ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ' ಬಂತು. ಗಾಯಾಳುವಿಗೆ ಮೊದಲ 48 ಗಂಟೆ 25 ಸಾವಿರದವರೆಗೆ ಉಚಿತ ಚಿಕಿತ್ಸೆ ಅನ್ನೋದು ಅದರ ಮಾತು. ಗಾಯಾಳುವಿಗೆ ನೆರವಾದವರನ್ನ ಪೊಲೀಸು, ಕೋರ್ಟು ಅಂತ ಅಲೆಸಬಾರದು ಅಂತ ಕರ್ನಾಟಕ ತನ್ನದೇ ಗುಡ್ ಸಮಾರಿಟನ್ ಕಾಯ್ದೆ ಮಾಡಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿ ಒಪ್ಪಿಗೆ ಸಿಕ್ಕಿತು. ಕೇಂದ್ರ ಸರ್ಕಾರ 2021ರಲ್ಲಿ ಅಂಥವರಿಗೆ 5 ಸಾವಿರ ರೂಪಾಯಿ ಬಹುಮಾನ ಇಟ್ಟಿತು, 2025ರಲ್ಲಿ ಅದನ್ನ 25 ಸಾವಿರಕ್ಕೆ ಏರಿಸ್ತೀವಿ ಅಂತ ಮಂತ್ರಿಗಳು ಹೇಳಿದರು. ಎಲ್ಲಾ ಒಳ್ಳೇದೇ, ನನ್ನ ತಕರಾರಿಲ್ಲ. ಆದರೆ ಗಮನಿಸಿ, ಎಲ್ಲಾ ರಕ್ತ ಹರಿದ ಮೇಲಿನ ಬಹುಮಾನ. ರಸ್ತೆಗುಂಡಿಗೆ ಕಲ್ಲು ಮಣ್ಣು ತುಂಬಿ, ಪಕ್ಕದಲ್ಲಿ ಹಸಿರು ಕೊಂಬೆ ನೆಟ್ಟು ಹೋದ ಆಟೋದವನಿಗೆ ಯಾವ ಯೋಜನೆ ಇದೆ?

ಈಗ ನನ್ನ ಮಾತಿಗೆ ಬರೋ ಉತ್ತರಗಳು. ಸಭೆಯಲ್ಲೇ ಬಂದಿವೆ, ಹಾಗಾಗಿ ಕಲ್ಪಿಸಿಕೊಳ್ಳಬೇಕಾಗಿಲ್ಲ :)

'ದಾನಿಗಳನ್ನ ಕರೀದಿದ್ರೆ ಮುಂದಿನ ವರ್ಷ ಹಬ್ಬ ಹೆಂಗ್ ಮಾಡ್ತೀಯಪ್ಪ?' ನಿಜ. ವಸೂಲಿಗೆ ಓಡಾಡಿದವನಿಗೆ ಇದು ಚೆನ್ನಾಗಿ ಗೊತ್ತು. ದಾನಿಗೆ ಶಾಲು ಹಾಕಿ, ಬೇಡ ಅಂದವರು ಯಾರು? ಆದರೆ ದುಡ್ಡು ಕೊಟ್ಟವನಿಗೆ ವೇದಿಕೆ, ಮೈ ಕೊಟ್ಟವನಿಗೆ ಅರ್ಧ ಸಾಲು ಅಂದ್ರೆ ಊರಿನ ಹುಡುಗರು ಏನು ಕಲೀತಾರೆ? ದುಡ್ಡು ಮಾಡೋದನ್ನ ಕಲೀತಾರೆ, ಹಗ್ಗ ಹಿಡಿಯೋದನ್ನಲ್ಲ.

'ಪೊಲೀಸ್ನೋರು ಇರ್ತಾರಲ್ಲ!' ಇರ್ತಾರೆ. ಒಂದೇ ರಾತ್ರಿ ಸುತ್ತಲ ಹತ್ತಾರು ಹಳ್ಳಿಯ ಗಣಪತಿ ಹೊರಟರೆ ಒಂದೊಂದು ಕಡೆಗೆ ಒಬ್ಬ ಪೇದೆ, ಜೊತೆಗೆ ಒಬ್ಬ ಗೃಹರಕ್ಷಕ ಸಿಕ್ಕರೆ ಪುಣ್ಯ. ಅವರಿಗೆ ಕೆರೆಯ ಗುಂಡಿ ಎಲ್ಲಿದೆ ಅಂತ ಗೊತ್ತಿರಲ್ಲ. ಊರಿನವನಿಗೆ ಗೊತ್ತು.

'ಇಷ್ಟೆಲ್ಲಾ ರೂಲ್ಸ್ ಮಾಡಿದ್ರೆ ಹಬ್ಬಾನೇ ನಿಂತೋಗ್ತದೆ.' ಇದು ದೊಡ್ಡ ಮಾತು. ಚಿನ್ನಸ್ವಾಮಿ ದುರಂತದ ನಂತರ, 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಅಂತಲೇ ಒಂದು ಮಸೂದೆಯನ್ನ ವಿಧಾನಸಭೆಯಲ್ಲಿ ಮಂಡಿಸಿತು. ಅಂಥ ಕಾನೂನುಗಳ ಬಗ್ಗೆ ನನಗೂ ಹೆದರಿಕೆ ಇದೆ. ಅರ್ಜಿ, ಮುಚ್ಚಳಿಕೆ, ಅನುಮತಿ ಪತ್ರ, ಅದಕ್ಕೊಂದು ದಕ್ಷಿಣೆ... ದೊಡ್ಡವರು ಹೇಗೋ ಪಾರಾಗ್ತಾರೆ, ಸಣ್ಣ ಊರಿನ ಹುಡುಗರು ಸಿಕ್ಕಿಬೀಳ್ತಾರೆ. ಅದಕ್ಕೇ ಹೇಳೋದು, ನಾವೇ ಮಾಡಿಕೊಳ್ಳೋಣ ಅಂತ. ಊರು ತನ್ನನ್ನ ತಾನು ಕಾಯ್ಕೊಂಡರೆ ಕಾನೂನು ಬಾಗಿಲು ತಟ್ಟಲ್ಲ. ನಮ್ಮ ಸೀಮೆಯಲ್ಲಿ ಕೊಂಡ ಹಾಯೋ ಹಬ್ಬ ಎಷ್ಟಿಲ್ಲ? ಸೌದೆ ಎಷ್ಟು, ಕೆಂಡ ಯಾವಾಗ ಹರಡಬೇಕು, ಕೊಂಡದ ಆ ತುದಿಯಲ್ಲಿ ಬೀಳೋರನ್ನ ಹಿಡಿಯೋಕೆ ಯಾರು ನಿಲ್ಲಬೇಕು ಅಂತೆಲ್ಲಾ ಹಿರಿಯರು ಮಾತಾಡಿಕೊಂಡೇ ಮಾಡ್ತಾರೆ. ಅದು ರೂಲ್ಸ್ ಅಲ್ಲವೇ? ಹಬ್ಬ ನಿಂತುಹೋಯ್ತೇ?

ರಾಜ್ಯೋತ್ಸವ ಆಗಿ ಒಂದು ವಾರಕ್ಕೆ ನನ್ನ ಶಾಲು ತಗೊಂಡು ಆ ಹುಡುಗನ ಮನೆಗೆ ಹೋದೆ. ನನಗೆ ಹಾಕಿದ್ದನ್ನೇ ಅವನಿಗೆ ಹೊದಿಸಿಬಿಡೋಣ ಅನ್ನೋ ಒಂದು ಹುಚ್ಚು. ಟ್ರ್ಯಾಕ್ಟರ್ ಕೆಳಗೆ ಮಲಗಿ ಏನೋ ರಿಪೇರಿ ಮಾಡ್ತಿದ್ದ. ಶಾಲು ನೋಡಿ ನಕ್ಕ.

'ಶಾಲ್ ತಕಂಡ್ ಏನ್ ಮಾಡ್ಲಣ್ಣ, ಗ್ರೀಸ್ ಒರ್ಸಕೂ ಬರಾಕಿಲ್ಲ. ಮುಂದಿನ್ ವರ್ಸಕ್ಕೆ ಎರಡ್ ಲಾರಿ ಟ್ಯೂಬ್ ಕೊಡ್ಸಿ. ಒಂದ್ ಫೋಕಸ್ ಲೈಟು. ಇನ್ನೊಬ್ನ ಜತೆ ಬುಡಿ, ಐದ್ ಗಂಟೆ ನೀರಲ್ ನಿಂತ್ರೆ ಕಾಲ್ ಮರಗಟ್ತದೆ.'

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದ: 'ಕುಡ್ದ್ ಬಂದೋರ್ಗೆ ಇಳಿಬ್ಯಾಡ ಅಂದ್ರೆ, ನೀನ್ಯಾವನ್ಲಾ ಕೇಳಕೆ ಅಂತಾರೆ. ನಾನ್ ಯಾವನು ಅಂತ ನೀವ್ ಮೈಕಲ್ಲಿ ಯೋಳಿ ಸಾಕು.'

ನನಗೆ ಮಾತೇ ಹೊರಡಲಿಲ್ಲ. ನಾವು ಶಾಲು ಹೊದಿಸಿ ಮುಗಿಸೋ ಕೆಲಸವನ್ನ ಅವನು ಎಷ್ಟು ಸರಿಯಾಗಿ ಹೇಳಿಬಿಟ್ಟ! ಸಾಮಾನು, ಜೊತೆಗಾರ, ಅಧಿಕಾರ. ನಿಜವಾದ ಗೌರವ ಅಂದ್ರೆ ಈ ಮೂರೇ. ಮತ್ತು ಮೂರೂ ಕಾರ್ಯಕ್ರಮಕ್ಕೆ ಮುಂಚೆ ಕೊಡಬೇಕಾದದ್ದು. ನಮ್ಮ ಸನ್ಮಾನ ಬರೋದು ಆದ ಮೇಲೆ.

ನಾನು ಇದಕ್ಕೆ ನಾಲ್ಕನೆಯದನ್ನ ಸೇರಿಸ್ತೀನಿ, ವಿಮೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. ಬ್ಯಾಂಕ್ ಖಾತೆ ಇರೋ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಇಪ್ಪತ್ತಮೂರು ಸ್ವಯಂಸೇವಕರಿಗೆ ಮಾಡಿಸಿದರೆ ಒಟ್ಟು 460 ರೂಪಾಯಿ! ನಮ್ಮ ಒಂದು ಗಂಧದ ಹಾರ, ಒಂದು ಪೇಟದ ದುಡ್ಡು. ಹುಡುಗರನ್ನ ನೀರಿಗೆ, ತಂತಿ ಕೆಳಗೆ, ಲಾರಿ ಎದುರಿಗೆ ನಿಲ್ಲಿಸೋ ನಾವು ಅವರ ಅಮ್ಮನಿಗೋಸ್ಕರ 20 ರೂಪಾಯಿ ಖರ್ಚು ಮಾಡಿಲ್ಲ. ಇದನ್ನ ಬರೆಯೋಕೆ ನನಗೇ ನಾಚಿಕೆ ಆಗ್ತಿದೆ.

ತರಬೇತಿಯೂ ಆಕಾಶದಿಂದ ಬರಬೇಕಾಗಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ 'ಆಪದಾ ಮಿತ್ರ' ಅಂತ ಶುರು ಮಾಡಿ ಊರಿನ ಹುಡುಗರಿಗೇ ತರಬೇತಿ, ಕಿಟ್ಟು, ವಿಮೆ ಕೊಡೋ ದಾರಿ ತೋರಿಸಿದೆ. ಅಷ್ಟು ದೊಡ್ಡದು ಆಗದಿದ್ದರೆ ಅಗ್ನಿಶಾಮಕದವರನ್ನ ಒಂದು ಭಾನುವಾರ ಕರೆಸಿ. ಮುಳುಗುವವನ ಹತ್ತಿರ ಬರಿಗೈಲಿ ಧುಮುಕಬಾರದು, ಅವನು ಅಪ್ಪಿ ಹಿಡಿದರೆ ಇಬ್ಬರೂ ಹೋಗ್ತೀರಿ. ಮೊದಲು ಹಗ್ಗ, ಟ್ಯೂಬು, ಕೋಲು, ಪಂಚೆ ಏನಾದರೂ ಎಸೆಯಿರಿ... ಇಷ್ಟು ಕಲಿತರೂ ಒಂದು ಜೀವ ಉಳಿಯುತ್ತೆ.

ಈ ಸಲದ ಸಮಿತಿ ಸಭೆಗೆ ನನ್ನ ಬೇಡಿಕೆ ಇಷ್ಟೇ. ಕಾರ್ಯಕ್ರಮ ಶುರುವಾಗೋ ಮುಂಚೆ, ಪ್ರಾರ್ಥನೆ ಆದ ಕೂಡಲೇ, ಆ ದಿನ ಕಾಯೋರನ್ನ ವೇದಿಕೆಗೆ ಕರೀಬೇಕು. ಹೆಸರು ಹಿಡಿದು ಹೇಳಬೇಕು: ಇವರು ನೀರಿನ ಹತ್ತಿರ, ಇವರು ರಸ್ತೆ ಹಿಂದೆ, ಇವರು ಕರೆಂಟಿನ ಹತ್ತಿರ. ಇವರು ನಿಲ್ಲಿ ಅಂದ್ರೆ ಅಧ್ಯಕ್ಷರೂ ನಿಲ್ಲಬೇಕು. ಶಾಲು ಬೇಡ, ಕೊರಳಿಗೊಂದು ಸೀಟಿ ಹಾಕಿ. ಕೊನೆಗೆ ಎಲ್ಲಾ ಸುಸೂತ್ರವಾಗಿ ಮುಗಿದರೆ ಮೈಕಿನಲ್ಲಿ ಒಂದೇ ಮಾತು, 'ಈವತ್ತು ಏನೂ ಆಗಲಿಲ್ಲ, ಇವರಿಂದ.' ಆಮೇಲೆ ಬೇಕಾದರೆ ಇಪ್ಪತ್ತಮೂರಲ್ಲ, ನಲವತ್ತಾರು ಜನಕ್ಕೆ ಪೇಟ ತೊಡಿಸಿ, ನಾನೇ ಪಟ್ಟಿ ಟೈಪ್ ಮಾಡಿಕೊಡ್ತೀನಿ.

ಒಪ್ಪದಿದ್ದರೆ? ನನ್ನ ಶಾಲು ಇನ್ನೂ ಬೀರುವಿನಲ್ಲಿದೆ. ಅದನ್ನ ವಾಪಸ್ ಕೊಟ್ಟು ಅದರ ಬೆಲೆಗೆ ಒಂದು ಲಾರಿ ಟ್ಯೂಬ್ ಕೇಳ್ತೀನಿ. ಇನ್ನೊಂದು ನನ್ನ ಲೆಕ್ಕದಲ್ಲಿ.

ನಿಮ್ಮೂರಲ್ಲಿ ಹಗ್ಗ ಹಿಡಿದು ನಿಲ್ಲೋನು ಯಾರು? ಅವನ ಹೆಸರು ನಿಮಗೆ ಗೊತ್ತಾ?