ಕಂಪನಿಯ ಹಣ, ಯುವಕರ ಯಂತ್ರ, ರೈತರ ಹೊಲ

2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಸರ್ಕಾರದ ನೆರವುಳ್ಳ ಇನ್‌ಕ್ಯುಬೇಟರ್ ಕೇಂದ್ರಗಳಿಗೂ ಈ ಹಣ ಕೊಡಬಹುದು. ಇಂಥ ಕಡೆ ಓದಿದ ಯುವಕ ಯುವತಿಯರು ಕೃಷಿ ಯಂತ್ರಗಳನ್ನೂ ರೂಪಿಸುತ್ತಾರೆ. ಒಳ್ಳೆಯದೇ.

ಆದರೆ ಬಹುಮಾನ ಪಡೆದ ಯಂತ್ರವೆಲ್ಲ ಹೊಲಕ್ಕೆ ಬರುವುದಿಲ್ಲ. ಮಾದರಿ ತಯಾರಿಸಲು ಹಣ ಸಿಗುತ್ತದೆ; ಎರಡು ಮುಂಗಾರು ಹೊಲದಲ್ಲೇ ಪರೀಕ್ಷಿಸಲು, ಹೋಬಳಿಗೊಬ್ಬನಿಗೆ ರಿಪೇರಿ ಕಲಿಸಲು ಸಿಗುವುದು ಕಷ್ಟ. ಕೆಂಪು ಮಣ್ಣಿನಲ್ಲಿ ಸಲೀಸಾಗಿ ಓಡಿದ ಕಳೆಯಂತ್ರ ಹಸಿ ಎರೆಯಲ್ಲಿ ಚಕ್ರಕ್ಕೆ ಮಣ್ಣು ಮೆತ್ತಿ ನಿಲ್ಲುತ್ತದೆ. ವೇದಿಕೆಯ ಮೇಲೆ ಇದು ಕಾಣದು! ಮೇಲಾಗಿ ಕಾಯ್ದೆ ಕಂಪನಿಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಹೇಳುತ್ತದೆ. ಕಾರ್ಖಾನೆಯಿಲ್ಲದ ತಾಲ್ಲೂಕು ಹಿಂದೆ ಬೀಳುತ್ತದೆ.

ಇಂಥ ತಂಡ ತಮ್ಮೂರಿಗೆ ಬಂದರೆ ಪ್ರಾತ್ಯಕ್ಷಿಕೆಯನ್ನು ತಮ್ಮ ಹೊಲದಲ್ಲಿ, ತಮ್ಮ ಬೆಳೆಯ ಸಾಲಿನಲ್ಲೇ ಮಾಡಿಸಿ. ಬೆಲೆಯೆಷ್ಟು, ಬಿಡಿಭಾಗ ಎಲ್ಲಿ, ರಿಪೇರಿ ಯಾರದೆಂದು ಕೇಳಿ ಬರೆಸಿಕೊಳ್ಳಿ.